ಬ್ರೂಕೆನ್‌ಕೋಟರ್ ಅಂದ್ರ ಯಾರ ಪೈಕಿ?

ಮಗಳು ಒಬ್ಬ ಜರ್ಮನ್ ಹುಡುಗನನ್ನು ಮದುವೆಯಾಗುತ್ತೇನೆ ಎಂದಾಗ ಶಿವಬಸಪ್ಪ ಕೂಗಾಡಲಿಲ್ಲ, ಊಟ ಬಿಟ್ಟು ಏಳಲಿಲ್ಲ, ಎದೆ ಹಿಡಿದುಕೊಂಡು ಸೋಫಾಕ್ಕೆ ಒರಗಲೂ ಇಲ್ಲ. ಅಂಥದ್ದೇನಾದರೂ ಮಾಡಿದ್ದರೆ ಅವನ ಹೆಂಡತಿ ದಾನವ್ವನಿಗೆ ಕೆಲಸ ಸಲೀಸಾಗುತ್ತಿತ್ತು. ಕೂಗಾಡುವ ಗಂಡನನ್ನು ದಾರಿಗೆ ತರುವುದು ಅವಳಿಗೆ ಎಡಗೈ ಕೆಲಸ. ಆತ ಮಾಡಿದ್ದು ಅದಕ್ಕಿಂತ ಕಷ್ಟದ್ದು. ರೊಟ್ಟಿ ಮುರಿದು, ಪಲ್ಯಕ್ಕೆ ಹಚ್ಚಿ, ಬಾಯಿಗಿಡುವ ಮುಂಚೆ ತಣ್ಣಗೆ ಒಂದು ಮಾತು ಕೇಳಿದ.

“ಯಾರ ಪೈಕಿ?”

“ಶಿಪ್ಪಿಂಗ್ ಕಂಪನ್ಯಾಗ ಇದ್ದಾನಪ್ಪಾ. ಲಾರ್ಸ್ ಅಂತ. ಕಂಟೇನರ್ ಬುಕಿಂಗ್ ಪೂರಾ ಅವನೇ ಹ್ಯಾಂಡಲ್ ಮಾಡ್ತಾನ,” ಎಂದಳು ವಿದ್ಯಾಶ್ರೀ.

“ಕೆಲಸ ಕೇಳಲಿಲ್ಲವ್ವಾ ನಾ. ಯಾರ ಪೈಕಿ ಅಂತ ಕೇಳಿದೆ.”

“ಅಪ್ಪಾ, ಅವರು ಜರ್ಮನ್ಸ್ ಲಾ!” ಎಂದಳು, ಸಿಂಗಪುರದವರಂತೆ ಮಾತಿನ ಕೊನೆಗೊಂದು ‘ಲಾ’ ಹಚ್ಚಿ. “ಅವರಿಗೆಲ್ಲಿ ಪೈಕಿ?”

“ಪೈಕಿ ಇಲ್ಲದ ಮನುಷ್ಯಾರು ಇರ್ತಾರೇನು? ಜಾತಿ ಬಿಡು, ಬಣ್ಣ ಬಿಡು. ಅದನ್ನೆಲ್ಲಾ ಈ ಊರಿನ ಎಂ.ಆರ್.ಟಿ. ರೈಲಿನ್ಯಾಗ ನಿಂತು ನಿಂತು ಉದುರಿಸಿಕೊಂಡೀನಿ. ಆದ್ರ ಗೊತ್ತು ಗುರಿ ಇಲ್ಲದ ಮನಿಗೆ ಹೆಣ್ಣು ಕೊಡೂದಿಲ್ಲ. ಅವರ ಮನೆತನದಾಗ ನನಗ ಗೊತ್ತಿದ್ದವರನ್ನ ಒಬ್ಬರನ್ನ ತೋರಸ್ರಿ. ಒಬ್ಬರು ಸಾಕು. ನಾಳೇನ ಸಕ್ಕರಿ ಹಂಚತೀನಿ.”

ಅಷ್ಟು ಹೇಳಿ ಮಜ್ಜಿಗೆ ಕುಡಿದು, ಕೈ ತೊಳೆದು, ಟಿವಿಯಲ್ಲಿ ಷೇರಿನ ದರ ನೋಡುತ್ತಾ ಕೂತ. ಅದು ಎರಡು ಸಾವಿರದ ಏಳನೆಯ ಇಸವಿ. ಸಿಂಗಪುರದಲ್ಲಿ ಆಗ ಎಲ್ಲರ ಷೇರೂ ಏರುತ್ತಿತ್ತು, ಎಲ್ಲರ ಫ್ಲಾಟಿನ ಬೆಲೆಯೂ ಏರುತ್ತಿತ್ತು, ಕಿಟಕಿ ತೆರೆದರೆ ಮೂರು ದಿಕ್ಕಿಗೂ ಕ್ರೇನುಗಳು. ಊರಿಗೆ ಊರೇ ನಿಂತಲ್ಲಿ ನಿಲ್ಲದೆ ಕುಣಿಯುತ್ತಿದ್ದ ಕಾಲ. ಅಂಥ ಊರಿನ ಜುರಾಂಗ್ ವೆಸ್ಟಿನ ಹನ್ನೊಂದನೆಯ ಮಹಡಿಯಲ್ಲಿ ತನ್ನ ಗಂಡನೊಬ್ಬನೇ ಗದಗ-ಬೆಟಗೇರಿಯ ಕಟ್ಟೆಯ ಮೇಲೆ ಕೂತವನಂತೆ ಅಲ್ಲಾಡದೆ ಕೂತದ್ದು ನೋಡಿ ದಾನವ್ವನಿಗೆ ಸಿಟ್ಟೂ ಬಂತು, ಒಳಗೊಳಗೆ ಸ್ವಲ್ಪ ಗೌರವವೂ ಬಂತು. ಯಾಕೆಂದರೆ ಅವನು ಕೇಳಿದ್ದು ಸುಳ್ಳಲ್ಲ. ಸಿಂಗಪುರದ ನಮ್ಮ ಕಡೆಯ ಮನೆಗಳಲ್ಲಿ ಯಾರ ಮಗನಿಗೆ ಯಾರ ಮಗಳನ್ನು ನೋಡುವುದಿದ್ದರೂ ಮೊದಲು ಫೋನ್ ಬರುತ್ತಿದ್ದದ್ದು ದಾನವ್ವನಿಗೆ. “ಆಂಟಿ, ರೋಣದ ಅಂಗಡಿಯವರು ಹೆಂಗ?” ಎಂದರೆ ಸಾಕು, ಅವಳು ಮೂರು ಪ್ರಶ್ನೆ ಕೇಳಿ, ಎರಡು ಫೋನ್ ಮಾಡಿ, ಆ ಮನೆಯ ಅತ್ತೆ ಮಾತು ಆಡುವವಳೋ ಮೂತಿ ಉಬ್ಬಿಸುವವಳೋ ಎಂಬುವವರೆಗೆ ತಿಳಿದುಕೊಂಡು ಹೇಳುತ್ತಿದ್ದಳು. ಊರಿಗೆಲ್ಲಾ ಸಂಬಂಧ ಹುಡುಕಿದವಳ ಮಗಳಿಗೇ ಈಗ ಪೈಕಿ ಸಿಗದಂತಾಗಿತ್ತು.

ವಿದ್ಯಾಶ್ರೀ ಅಡುಗೆಮನೆಗೆ ಬಂದು ಫ್ರಿಜ್ಜಿಗೆ ಆತು ನಿಂತಳು. ಬಂದ ಗಂಡುಗಳನ್ನೆಲ್ಲಾ “ಬೋರಿಂಗ್ ಲಾ” ಎಂದು ಒಂದೇ ಮಾತಿನಲ್ಲಿ ತಳ್ಳಿದ್ದ ಹುಡುಗಿ ಅವಳು. ಈಗ ಅವಳ ಕಣ್ಣಲ್ಲಿ ನೀರು.

“ಅವ್ವಾ, ನಾ ಅವನ್ನ ಬಿಟ್ಟು ಬೇರೆ ಯಾರನ್ನೂ ಆಗಂಗಿಲ್ಲ. ಅಪ್ಪನ್ನ ಬಿಟ್ಟೂ ಆಗಂಗಿಲ್ಲ. ರಿಜಿಸ್ಟರ್ ಆಫೀಸಿಗೆ ಓಡಿ ಹೋಗೂದು ನನಗ ಬ್ಯಾಡ.”

ದಾನವ್ವ ಮಗಳ ಗಲ್ಲ ಒರೆಸಿ, ಸಂಬಂಧ ಹುಡುಕುವಾಗ ಎಲ್ಲರಿಗೂ ಕೇಳುವ ಮೊದಲ ಪ್ರಶ್ನೆಯನ್ನು ಕೇಳಿದಳು. “ಹುಡುಗನ ಅಡ್ಡಹೆಸರೇನು?”

“ಬ್ರೂಕೆನ್‌ಕೋಟರ್.”

ದಾನವ್ವನ ಕೈಯಲ್ಲಿದ್ದ ಸೌಟು ಪಾತ್ರೆಯೊಳಗೆ ಬಿತ್ತು.

“ಏನಂದಿ? ಹೆಲ್ಮೂಟ್ ಅಣ್ಣನ ಅಡ್ಡಹೆಸರು!”

“ಹೌದು. ಅದಕ್ಕೇ ನಾ ಫಸ್ಟ್ ಅವನ್ನ ಮಾತಾಡಿಸಿದ್ದು. ನೀವು ಹೆಲ್ಮೂಟ್ ಮಾಮಾಗೆ ಏನಾಗಬೇಕು ಅಂತ ಕೇಳಿದೆ. ಏನೂ ಆಗಬೇಕಾಗಿಲ್ಲ ಅಂದ.”

“ಅಂವಗೇನು ಗೊತ್ತು! ಗಂಡು ಹುಡುಗರಿಗೆ ಎಂದರ ಸಂಬಂಧ ಗೊತ್ತಿರ್ತಾವೇನು? ಇದನ್ನ ಊಟಕ್ಕ ಕುಂತಾಗನ ಒದರೂದಲ್ಲೇನ ಹುಚ್ಚಿ?”

ಹೆಲ್ಮೂಟ್ ಬ್ರೂಕೆನ್‌ಕೋಟರ್ ಎಂದರೆ ಶಿವಬಸಪ್ಪ ದುಡಿಯುತ್ತಿದ್ದ ವಾಲ್ವ್ ಕಾರ್ಖಾನೆಗೆ ಒಂದು ಕಾಲದಲ್ಲಿ ಮ್ಯಾನೇಜರ್ ಆಗಿದ್ದವನು. ದಾನವ್ವ ಈ ಊರಿಗೆ ಬಂದ ಮೊದಲ ವರ್ಷ ನಾಗರ ಪಂಚಮಿಯ ದಿನ ಅತ್ತಿದ್ದಳು. ನಮ್ಮ ಕಡೆ ಪಂಚಮಿ ಎಂದರೆ ಅಣ್ಣ ಬಂದು ತಂಗಿಯನ್ನು ತವರಿಗೆ ಕರೆದೊಯ್ಯುವ ಹಬ್ಬ, ಜೋಕಾಲಿ, ಉಂಡಿ. ದಾನವ್ವನಿಗೆ ಒಡಹುಟ್ಟಿದವರೇ ಇಲ್ಲ. ಅಪ್ಪ ಇದ್ದ, ಅವನು ಸಮುದ್ರದಾಚೆ. “ಹೆಂಡತಿ ಅಳ್ತಾ ಇದ್ದಾಳೆ ಸರ್, ಅಣ್ಣ ಬರಲಿಲ್ಲ ಅಂತ,” ಎಂದು ಶಿವಬಸಪ್ಪ ಅರ್ಧ ದಿನದ ರಜೆ ಕೇಳಿದ್ದ. ಹೆಲ್ಮೂಟ್ ಅದರ ಹಿಂದು ಮುಂದು ಎಲ್ಲಾ ಕೇಳಿ ತಿಳಿದುಕೊಂಡು, ರಜೆ ಕೊಟ್ಟು, ಸಂಜೆಗೆ ತಾನೇ ಬಾಗಿಲಿಗೆ ಬಂದು ನಿಂತಿದ್ದ. ಕೈಯಲ್ಲಿ ಸೆರಂಗೂನ್ ರಸ್ತೆಯಲ್ಲಿ ಕೊಂಡ ಒಂದು ಸೀರೆ, ಗಿಳಿಯೂ ನಾಚುವಂಥ ಹಸಿರು. “ಇವತ್ತು ನಾನು ಅಣ್ಣ,” ಎಂದಿದ್ದ. ಆವತ್ತು ಅಂದದ್ದನ್ನು ಮುಂದೆ ಯಾವ ಪಂಚಮಿಗೂ ತಪ್ಪಿಸಿರಲಿಲ್ಲ. ನಿವೃತ್ತನಾದ ಮೇಲೂ ಊರಿಗೆ ಹೋಗದೆ ಕಲ್ಲಾಂಗ್ ನದಿಯ ಪಕ್ಕದ ಕಾಂಡೋ ಫ್ಲಾಟಿನಲ್ಲಿ ಉಳಿದಿದ್ದ. ದಾನವ್ವನ ಪಾಲಿಗೆ ಅದೇ ತವರುಮನೆ.

ಈಗ ಆ ತವರಿನ ಹೆಸರಿನ ಇನ್ನೊಬ್ಬ ಹುಡುಗ! ವಿದ್ಯಾಶ್ರೀ ಕಂಪ್ಯೂಟರ್ ತೆರೆದು ಜರ್ಮನಿಯ ಟೆಲಿಫೋನ್ ಡೈರೆಕ್ಟರಿಯಲ್ಲಿ ಹುಡುಕಿ ತೋರಿಸಿದಳು. ಅಷ್ಟು ದೊಡ್ಡ ದೇಶಕ್ಕೆಲ್ಲಾ ಸೇರಿ ಆ ಹೆಸರಿನವರು ಒಂದು ಪರದೆಯೊಳಗೆ ಮುಗಿದುಹೋದರು.

“ಇಷ್ಟ ಮಂದಿ? ನಮ್ಮಲ್ಲಿ ಒಂದು ಸೀಮಂತಕ್ಕ ಇದಕ್ಕಿಂತ ಹೆಚ್ಚು ಮಂದಿ ಬರ್ತಾರ,” ಎಂದಳು ದಾನವ್ವ. “ಎಲ್ಲಾ ಒಂದ ಮನ್ಯಾವರು. ನಾ ಬರ್ದು ಕೊಡ್ತೀನಿ.”

ಶನಿವಾರ ಬೆಳಿಗ್ಗೆ ಶೇಂಗಾ ಉಂಡಿಯ ಡಬ್ಬಿ ಕಟ್ಟಿಕೊಂಡು ಲೇಕ್‌ಸೈಡಿನಲ್ಲಿ ಎಂ.ಆರ್.ಟಿ. ಹತ್ತಿದವಳು ಕಲ್ಲಾಂಗ್ ಬರುವವರೆಗೆ ಕೂರಲೇ ಇಲ್ಲ. ಹೆಲ್ಮೂಟ್ ಬಾಲ್ಕನಿಯಲ್ಲಿ ಟೊಮ್ಯಾಟೊ ಗಿಡಕ್ಕೆ ನೀರು ಹಾಕುತ್ತಿದ್ದ.

“ಅಣ್ಣಾ, ಬ್ರೂಕೆನ್‌ಕೋಟರ್ ಎಂಬ ಹೆಸರು ಹುಟ್ಟಿದ್ದು ಎಲ್ಲಿ?” ದಾನವ್ವನ ಇಂಗ್ಲಿಷು ಮಾರ್ಕೆಟ್ಟಿನಲ್ಲಿ ಕಲಿತದ್ದು, ಆದರೆ ಕೇಳಬೇಕಾದ್ದನ್ನು ಸುತ್ತು ಬಳಸದೆ ಕೇಳುತ್ತಿತ್ತು.

ಹೆಲ್ಮೂಟನಿಗೆ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಸಂತೋಷದಿಂದ ನೀರಿನ ಕ್ಯಾನನ್ನು ಗಿಡದ ಮೇಲೇ ಬಿಟ್ಟು ಒಳಗೆ ಬಂದ.

“ಅದು ಮನುಷ್ಯನ ಹೆಸರಲ್ಲ ತಂಗಿ, ಮನೆಯ ಹೆಸರು. ನಮ್ಮ ವೆಸ್ಟ್‌ಫಾಲಿಯಾದಲ್ಲಿ ಒಂದು ಹಳ್ಳ. ಹಳ್ಳಕ್ಕೊಂದು ಸೇತುವೆ. ಸೇತುವೆಯ ಪಕ್ಕ ಒಂದು ಸಣ್ಣ ಒಕ್ಕಲು ಮನೆ, ಎರಡು ಹಸು, ತುಂಡು ಹೊಲ. ಆ ಮನೆಯಲ್ಲಿ ಇದ್ದವರು ಬ್ರೂಕೆನ್‌ಕೋಟರ್. ಸೇತುವೆ ಮನೆಯವರು ಅಂದ ಹಾಗೆ. ಅಂಥ ಮನೆ ಒಂದೇ ಇದ್ದದ್ದು. ಲೋಕದಲ್ಲಿ ಎಲ್ಲೇ ಈ ಹೆಸರಿನವರು ಸಿಕ್ಕಲಿ, ಆ ಬಾಗಿಲಿನಿಂದ ಹೊರಬಿದ್ದವರೇ.”

“ನಮ್ಮ ಮೂಲಿಮನಿ, ಕಡೇಮನಿ ಇದ್ದಂಗ!” ದಾನವ್ವ ಕನ್ನಡದಲ್ಲೇ ಕೂಗಿದಳು. ಆಮೇಲೆ ಇಂಗ್ಲಿಷಿಗೆ ಬಂದು, ಮಗಳು ಹೇಳಿದ್ದ ಲಾರ್ಸನ ಊರನ್ನು ನೆನೆದು, “ಬ್ರೆಮೆನ್ ಊರಿನಲ್ಲಿ ನಿಮ್ಮವರು ಇದ್ದಾರಾ?” ಎಂದಳು.

“ಇರಬಹುದು. ಆರೇಳು ತಲೆಮಾರಿನ ಹಿಂದೆ ಒಬ್ಬ ಹಾಲೆಂಡಿಗೆ ಹುಲ್ಲು ಕೊಯ್ಯುವ ಕೂಲಿಗೆ ಹೋದನಂತೆ. ತಿರುಗಿ ಮನೆ ಸೇರಲಿಲ್ಲ. ಬ್ರೆಮೆನ್ನಿಗೆ ಹೋಗಿ ಹಡಗು ಹತ್ತಿದ ಅಂತ ನಮ್ಮಜ್ಜ ಹೇಳುತ್ತಿದ್ದ. ಆದರೆ ತಂಗಿ, ಅದರಲ್ಲಿ ಇನ್ನೂ ಒಂದು ಮಾತಿದೆ...”

ಆ ಇನ್ನೊಂದು ಮಾತನ್ನು ಕೇಳಲು ತಂಗಿ ಅಲ್ಲಿರಲಿಲ್ಲ. ಚಪ್ಪಲಿ ಮೆಟ್ಟಿ ಲಿಫ್ಟಿನ ಗುಂಡಿ ಒತ್ತುತ್ತಿದ್ದಳು.

ಶಿವಬಸಪ್ಪ ಸುದ್ದಿ ಕೇಳಿ ಮೊದಲು ನಂಬಲಿಲ್ಲ. ಎರಡನೆಯ ಸಲ ಕೇಳಿ ಎದ್ದು ನಿಂತ. ಮೂರನೆಯ ಸಲ ಕೇಳುವಷ್ಟು ತಾಳ್ಮೆ ಅವನಿಗೆ ಉಳಿಯಲಿಲ್ಲ.

“ಹೆಲ್ಮೂಟ್ ಸರ್ ಮನ್ಯಾವನ? ಅಂದ್ರ ನಿನ್ನ ತವರಿನ ಹುಡುಗ! ಸ್ವಾದರಮಾವನ ಮನಿ! ಲೇ ದಾನೀ, ಇದು ಹಳೇ ಸಂಬಂಧ ಲೇ! ಕೇಳಿದ್ರ ಇಲ್ಲ ಅನ್ನಾಕ ನನಗ ಹಕ್ಕ ಇಲ್ಲ!”

ನಮ್ಮ ಕಡೆಯವರಿಗೆ ಹಳೇ ಸಂಬಂಧ ಎಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ತಾಯಿಯ ಅಣ್ಣನ ಮನೆಗೆ ಹೆಣ್ಣು ಕೊಡುವುದೆಂದರೆ ಅದು ಕೊಡುವುದೇ ಅಲ್ಲ, ಇದ್ದಲ್ಲಿಗೆ ಕಳಿಸುವುದು. ಶಿವಬಸಪ್ಪ ಆ ಸಂಜೆಯೇ ಗದಗಿಗೆ ಫೋನ್ ಮಾಡಿ, ಹುಬ್ಬಳ್ಳಿಗೆ ಮಾಡಿ, ಕಡೆಗೆ ಕಟ್ಟಡದ ಬುಡದ ತೆರೆದ ಪಡಸಾಲೆ, ವಾಯ್ಡ್ ಡೆಕ್ಕಿನಲ್ಲಿ ಚದುರಂಗ ಆಡುತ್ತಿದ್ದ ಚೀನೀ ಮುದುಕರಿಗೂ ಪೇಡೆ ಹಂಚಿ ಬಂದ. ಮರುದಿನ ಲಾರ್ಸನನ್ನು ಮನೆಗೆ ಕರೆಸಿದ. ಉದ್ದನೆಯ, ಕೆಂಪು ಕಿವಿಯ, ಸುಮ್ಮಸುಮ್ಮನೆ ನಗುವ ಹುಡುಗ. “ಅಳಿಯಾ, ಕುಂದ್ರು!” ಎಂದು ಅವನ ಬೆನ್ನಿಗೆ ಶಿವಬಸಪ್ಪ ಕೊಟ್ಟ ಪೆಟ್ಟಿಗೆ ಅವನ ಕನ್ನಡಕ ಜಾರಿತು. ಮೂರು ರೊಟ್ಟಿ ತಿಂದ. ದಾನವ್ವ ಅಲ್ಲಿಗೆ ಅವನನ್ನು ಪಾಸು ಮಾಡಿದಳು.

ಇನ್ನು ಉಳಿದದ್ದು ಹುಡುಗನ ತಾಯಿ. ಉರ್ಸುಲಾ ಎಂದು ಅವಳ ಹೆಸರು. ಗಂಡ ಹಡಗಿನ ಎಂಜಿನಿಯರನಾಗಿದ್ದು ತೀರಿಕೊಂಡಿದ್ದ. ಅವಳು ಬ್ರೆಮೆನ್ನಿನ ಹೆರಿಗೆ ಆಸ್ಪತ್ರೆಯಲ್ಲಿ ನರ್ಸು. ಹುಡುಗಿಯನ್ನು ನೋಡಲು ವಿಮಾನ ಹತ್ತಿ ಬಂದಳು. ದಾನವ್ವ ಎಣಗಾಯಿ ಮಾಡಿದಳು, ಹೋಳಿಗೆ ಮಾಡಿದಳು. ಉರ್ಸುಲಾ ಎಣಗಾಯಿಯ ಖಾರಕ್ಕೆ ಕಣ್ಣಲ್ಲಿ ನೀರು ಹಾಕಿಕೊಂಡೇ ಎರಡನೆಯ ಸಲ ಬಡಿಸಿಕೊಂಡಳು, ವಿದ್ಯಾಶ್ರೀಯ ಕೈ ಹಿಡಿದುಕೊಂಡೇ ಮಾತಾಡಿದಳು. ಎಲ್ಲವೂ ಎಣ್ಣೆ ಹಚ್ಚಿದ ಬಾಗಿಲಿನಂತೆ ತೆರೆಯುತ್ತಿತ್ತು. ಆ ಖುಷಿಯಲ್ಲಿ ದಾನವ್ವ ಎದ್ದು ನಿಂತು, ಇಷ್ಟು ದಿನ ಬಾಯಲ್ಲಿ ಇಟ್ಟುಕೊಂಡಿದ್ದ ಸಿಹಿಯನ್ನು ಹೊರಗೆ ತೆಗೆದಳು.

“ಉರ್ಸುಲಾ, ನಿಮಗೆ ಒಂದು ಸಂತೋಷದ ಸುದ್ದಿ. ನಿಮ್ಮ ಮಗ, ನನ್ನ ಮಗಳು, ಇಬ್ಬರೂ ಕಸಿನ್ಸ್!”

ಉರ್ಸುಲಾಳ ಚಮಚ ತಟ್ಟೆಗೆ ತಾಗಿ ಠಣ್ ಎಂದಿತು.

“ಕಸಿನ್ಸ್? ನಿಜವಾದ ಕಸಿನ್ಸ್?”

“ಬೆಸ್ಟ್ ಕಸಿನ್ಸ್!” ಶಿವಬಸಪ್ಪ ತುಪ್ಪದ ಗಿಂಡಿ ಹಿಡಿದುಕೊಂಡು ಅಡುಗೆಮನೆಯಿಂದಲೇ ಕೂಗಿದ. “ತಾಯಿಯ ಅಣ್ಣನ ಮನೆ ಹುಡುಗ! ನಮ್ಮಲ್ಲಿ ಇದಕ್ಕಿಂತ ಒಳ್ಳೆ ಸಂಬಂಧವೇ ಇಲ್ಲ!”

ಲಾರ್ಸನ ಕಿವಿ ಕೆಂಪಿನಿಂದ ಬಿಳುಪಿಗೆ ತಿರುಗಿತು. ಉರ್ಸುಲಾ ನಿಧಾನವಾಗಿ ಎದ್ದಳು, ಊಟ ಬಹಳ ಚೆನ್ನಾಗಿತ್ತೆಂದು ಹೇಳಿದಳು, ಚೀಲ ಎತ್ತಿಕೊಂಡು ಬಾಗಿಲು ದಾಟಿದಳು. ಆಸ್ಪತ್ರೆಯಲ್ಲಿ ಜೀವಮಾನ ಕಳೆದ ನರ್ಸು. ರಕ್ತ ಸಂಬಂಧದ ಮದುವೆ ಎಂದರೆ ಏನೇನು ಕಣ್ಣ ಮುಂದೆ ಬಂತೋ ಅವಳಿಗೇ ಗೊತ್ತು.

“ಅವ್ವಾ! ಏನ್ ಮಾಡಿಬಿಟ್ಟಿ ಲಾ! ಅವರಲ್ಲಿ ಕಸಿನ್ಸ್ ಮ್ಯಾರೇಜ್ ಅಂದ್ರ...” ವಿದ್ಯಾಶ್ರೀ ಮಾತು ಮುಗಿಸದೆ ಬರಿಗಾಲಲ್ಲಿ ಓಡಿದಳು. ಹಿಂದೆ ಲಾರ್ಸ್ ಓಡಿದ.

ಶಿವಬಸಪ್ಪ ತುಪ್ಪದ ಗಿಂಡಿ ಹಿಡಿದುಕೊಂಡೇ ನಿಂತಿದ್ದ. “ಹಳೇ ಸಂಬಂಧ ಅಂದ್ರ ಎದ್ದು ಹೋಗೂ ಮಂದಿ ಎಂಥಾವರದಾರ?”

ಲಿಫ್ಟಿನಲ್ಲಿ ಹನ್ನೊಂದು ಮಹಡಿ ಇಳಿಯುವಷ್ಟರಲ್ಲಿ ವಿದ್ಯಾಶ್ರೀ ಎಲ್ಲಾ ಬಿಡಿಸಿ ಹೇಳಿದಳು. ಅಣ್ಣ ಎಂದರೆ ಹುಟ್ಟಿನ ಅಣ್ಣ ಅಲ್ಲ, ಸೀರೆ ತಂದುಕೊಟ್ಟು ಆದ ಅಣ್ಣ, ಒಂದು ಹನಿ ರಕ್ತದ ಸಂಬಂಧವೂ ಇಲ್ಲ. ಉರ್ಸುಲಾ ವಾಯ್ಡ್ ಡೆಕ್ಕಿನ ಕಲ್ಲುಬೆಂಚಿನ ಮೇಲೆ ಕೂತು ನಕ್ಕಳಂತೆ, ಅತ್ತಳಂತೆ, ಮತ್ತೆ ನಕ್ಕಳಂತೆ. ಅದೇ ಲಿಫ್ಟಿನಲ್ಲಿ ಮೇಲೆ ಬಂದು ದಾನವ್ವನನ್ನು ತಬ್ಬಿಕೊಂಡಳು.

“ಕ್ಷಮಿಸಿ, ನಾನು ಹೆದರಿಬಿಟ್ಟೆ. ದೇವರ ದಯೆ, ನಾವು ನೀವು ಒಬ್ಬರಿಗೊಬ್ಬರು ಏನೂ ಅಲ್ಲ! ಆ ನಿಮ್ಮ ಹೆಲ್ಮೂಟ್ ಕೂಡ ನಮಗೆ ಏನೂ ಅಲ್ಲ. ಆ ಸೇತುವೆ ಮನೆಯವರು ನಮ್ಮ ರಕ್ತವೇ ಅಲ್ಲ ಅಂತ ನನ್ನ ಗಂಡ ಸಾಯುವವರೆಗೂ ಹೇಳುತ್ತಿದ್ದ.”

ಒಂದು ಬಾಗಿಲು ತೆರೆದ ಗಾಳಿಗೆ ಇನ್ನೊಂದು ಬಾಗಿಲು ಬಡಿದುಕೊಂಡಿತು. ಶಿವಬಸಪ್ಪ ತುಪ್ಪದ ಗಿಂಡಿ ಕೆಳಗಿಟ್ಟ.

“ಏನೂ ಅಲ್ಲ,” ಎಂದ ಕನ್ನಡದಲ್ಲಿ. “ಕೇಳಿದೇನು? ಅವರ ಬಾಯಿಂದನ ಬಂತು. ಹೆಲ್ಮೂಟ್ ಸರ್ ಮನ್ಯಾವರೂ ಅಲ್ಲಂತ. ಮತ್ತ ಯಾರ ಪೈಕಿ? ತಿರುಗಿ ಅಲ್ಲಿಗೇ ಬಂತಲ್ಲ!”

ಹುಡುಗನ ತಾಯಿಯನ್ನು ಒಪ್ಪಿಸಲು ಸಂಬಂಧ ಇಲ್ಲ ಅನ್ನಬೇಕು. ಹುಡುಗಿಯ ತಂದೆಯನ್ನು ಒಪ್ಪಿಸಲು ಇದೆ ಅನ್ನಬೇಕು. ವಿದ್ಯಾಶ್ರೀ ಮತ್ತೆ ಫ್ರಿಜ್ಜಿಗೆ ಆತು ನಿಂತಳು. ಈ ಸಲ ಲಾರ್ಸನೂ ಪಕ್ಕದಲ್ಲಿ ನಿಂತ.

ದಾನವ್ವ ಪಾತ್ರೆ ತೊಳೆಯುತ್ತಾ ಉರ್ಸುಲಾಳ ಮಾತನ್ನು ಬಾಯಲ್ಲಿ ಹೊರಳಿಸಿ ನೋಡಿದಳು. ‘ಸಾಯುವವರೆಗೂ ಹೇಳುತ್ತಿದ್ದ.’ ಗೊತ್ತಿಲ್ಲದವರ ಬಗ್ಗೆ ಯಾರಾದರೂ ಸಾಯುವವರೆಗೂ ಹೇಳುತ್ತಾರೆಯೇ? ಆ ಮಾತಿನಲ್ಲಿ ಏನೋ ಹಳೆಯ ಖಾರವಿತ್ತು. ಅಂದು ಕಲ್ಲಾಂಗಿನಲ್ಲಿ ಅಣ್ಣ ಹೇಳಹೊರಟ ಇನ್ನೊಂದು ಮಾತನ್ನು ನಿಂತು ಕೇಳದೆ ಬಂದದ್ದಕ್ಕೆ ತನ್ನ ತಲೆಗೆ ತಾನೇ ಒಂದು ಮೊಟಕಿಕೊಂಡಳು. ಹೆಲ್ಮೂಟ್, ಉರ್ಸುಲಾ ಇಬ್ಬರನ್ನೂ ಒಂದೇ ಮೇಜಿಗೆ ಕೂರಿಸಬೇಕು, ತನ್ನ ಗಂಡನ ಎದುರಿಗೇ ಕೂರಿಸಬೇಕು. ಮನೆಯಲ್ಲಿ ಬೇಡ. ಮನೆಯಲ್ಲಿ ಎಲ್ಲರೂ ಮರ್ಯಾದೆ ಮಾಡುತ್ತಾರೆ, ಖರೆ ಮಾತು ಹೊರಗೆ ಬರುವುದಿಲ್ಲ.

ಭಾನುವಾರ ಬ್ಲಾಕಿನ ಹಿಂದಿನ ಹಾಕರ್ ಸೆಂಟರಿನಲ್ಲಿ, ಹತ್ತಾರು ತಿಂಡಿ ಅಂಗಡಿಗಳ ಆ ಚಾವಡಿಯಲ್ಲಿ, ಕಾಲಿಡಲು ಜಾಗವಿರಲಿಲ್ಲ. ವಿದ್ಯಾಶ್ರೀ ದುಂಡು ಮೇಜೊಂದರ ಆರು ಸೀಟುಗಳ ಮೇಲೂ ಟಿಶ್ಯೂ ಪ್ಯಾಕೆಟ್ ಇಟ್ಟು, ಸೀಟು ಹಿಡಿದಿರುವುದಾಗಿ ಕಾವಲು ಕಾಯುತ್ತಾ ನಿಂತಿದ್ದಳು. ಮಾಂಸದ ಮೇಜುಗಳ ನಡುವೆ ಶಿವಬಸಪ್ಪ ಕತ್ತರಿಸಿದ ಪಪ್ಪಾಯಿಯ ತಟ್ಟೆಯೊಂದನ್ನು ಕೋಟೆಯಂತೆ ಮುಂದಿಟ್ಟುಕೊಂಡು ಕೂತ. ಹೆಲ್ಮೂಟ್ ಇಸ್ತ್ರಿ ಅಂಗಿ ಹಾಕಿಕೊಂಡು ಬಂದ. ಉರ್ಸುಲಾಗೆ ಬಗ್ಗಿ ಕೈ ಕುಲುಕಿದ.

“ಬ್ರೂಕೆನ್‌ಕೋಟರ್,” ಎಂದ.

“ಬ್ರೂಕೆನ್‌ಕೋಟರ್,” ಎಂದಳು ಅವಳೂ, ಸ್ವಲ್ಪ ಗದ್ದ ಮೇಲೆತ್ತಿ. “ಅಸಲಿ.”

ಹೆಲ್ಮೂಟನ ಕೈ ಅರ್ಧಕ್ಕೇ ನಿಂತಿತು. “ಅಸಲಿ ಅಂದರೆ?”

“ಹುಟ್ಟಿನಿಂದ ಬಂದದ್ದು ಅಂತ. ಮದುವೆಯಾಗಿ ಹಾಕಿಕೊಂಡದ್ದಲ್ಲ.”

“ಅಮ್ಮಾ, ನಿನಗೂ ಅದು ಮದುವೆಯಾಗಿಯೇ ಬಂದದ್ದು,” ಎಂದ ಲಾರ್ಸ್.

“ನೀನು ಸುಮ್ಮನಿರು. ನಾನು ನಿನ್ನ ಅಪ್ಪನ ಪರವಾಗಿ ಮಾತಾಡುತ್ತಿದ್ದೇನೆ.”

ಲಾರ್ಸ್ ಗಾಬರಿಯಾಗಿ ವಿದ್ಯಾಶ್ರೀಯತ್ತ ನೋಡಿದ. ವಿದ್ಯಾಶ್ರೀ ತಾಯಿಯತ್ತ ನೋಡಿದಳು. ಸಂಧಾನಕ್ಕೆಂದು ಕರೆದದ್ದು ಜಗಳಕ್ಕೆ ತಿರುಗುತ್ತಿತ್ತು. ಆದರೂ ದಾನವ್ವ ಬಾಯಿ ತಡೆಯದೆ ಕೇಳಿಬಿಟ್ಟಳು. “ಅಣ್ಣಾ, ಅಂದು ನೀನು ಹೇಳಬೇಕೆಂದಿದ್ದ ಇನ್ನೊಂದು ಮಾತು ಏನು?”

ಹೆಲ್ಮೂಟ್ ಕೂತ. “ಅಣ್ಣ ತಮ್ಮ ಇಬ್ಬರಿದ್ದರು. ಮನೆ ಅಣ್ಣನದು. ತಮ್ಮ ಬೇಸಿಗೆಗೆಲ್ಲಾ ಹಾಲೆಂಡಿಗೆ ಹುಲ್ಲು ಕೊಯ್ಯಲು ಹೋಗುತ್ತಿದ್ದ. ಒಂದು ವರ್ಷ ಹೋದವನು ಚಳಿಗಾಲಕ್ಕೂ ಬರಲಿಲ್ಲ. ಈ ಕಡೆ ಅಣ್ಣ ಜ್ವರಕ್ಕೆ ಸತ್ತ. ಮಕ್ಕಳಿಲ್ಲ. ಹೆಂಡತಿ ಒಬ್ಬಳೇ, ಎರಡು ಹಸು, ಸುಗ್ಗಿ ಬಾಗಿಲಿಗೆ ಬಂದಿದೆ. ಗಂಡಾಳು ಇಲ್ಲದಿದ್ದರೆ ಜಮೀನುದಾರ ಮನೆ ಬಿಡಿಸುತ್ತಾನೆ. ಅವಳು ಒಬ್ಬ ಗಾಡಿ ಹೊಡೆಯುವವನನ್ನು ಮದುವೆಯಾದಳು. ನಮ್ಮ ಸೀಮೆಯ ಪದ್ಧತಿ, ಯಾವ ಮನೆಗೆ ಬಂದು ಸೇರಿದನೋ ಆ ಮನೆಯ ಹೆಸರು ಅವನಿಗೆ. ಅವನೂ ಬ್ರೂಕೆನ್‌ಕೋಟರ್ ಆದ. ಆಮೇಲೆ ಅವಳೂ ಸತ್ತಳು. ಅವನು ಇನ್ನೊಂದು ಮದುವೆಯಾದ. ಆ ಮಕ್ಕಳ ವಂಶ ನಾನು.”

“ಉಡಿಕೆ ಮಾಡಿಕೊಂಡ್ಲು,” ಎಂದು ದಾನವ್ವ ಗಂಡನಿಗೆ ಪಿಸುಗುಟ್ಟಿದಳು. “ಬಂದಾಂವಗ ಮನಿ ಹೆಸರು ಹತ್ತಿತು.”

“ಹ್ಞಾಂ!” ಉರ್ಸುಲಾ ಮೇಜು ಬಡಿದಳು. ಪಪ್ಪಾಯಿ ಹಾರಿತು. “ಕೇಳಿದಿರಾ? ಗಂಡನೂ ಹೊರಗಿನವನು, ಹೆಂಡತಿಯೂ ಹೊರಗಿನವಳು, ಮನೆ ಮಾತ್ರ ನಮ್ಮದು! ಆ ತಮ್ಮ ಹಾಲೆಂಡಿನಲ್ಲಿ ಬಿದ್ದು ಕಾಲು ಮುರಿದುಕೊಂಡಿದ್ದ. ಕುಂಟುತ್ತಾ ದುಡಿದು, ಹಣ ಕೂಡಿಟ್ಟು ಮನೆ ಬಾಗಿಲಿಗೆ ಬಂದ. ಒಳಗಿನಿಂದ ಯಾರೋ ಗಡ್ಡದವನು ಬಂದು, ಯಾರಪ್ಪಾ ನೀನು ಅಂತ ಕೇಳಿದ. ನಾನು ಬ್ರೂಕೆನ್‌ಕೋಟರ್ ಅಂದ ಇವನು. ಬ್ರೂಕೆನ್‌ಕೋಟರ್ ನಾನು ಅಂದ ಅವನು! ತನ್ನ ಮನೆ ಬಾಗಿಲಲ್ಲಿ ತನ್ನ ಹೆಸರನ್ನೇ ಬೇರೆಯವನ ಬಾಯಲ್ಲಿ ಕೇಳಿಕೊಂಡು ಅವನು ಹಿಂದಿರುಗಿ ಹೋದ.”

“ಮೂರು ವರ್ಷ ಒಂದು ಸುದ್ದಿ ಕಳಿಸಲಿಲ್ಲ ಅವನು! ಆ ಹೆಂಗಸು ಏನು ಮಾಡಬೇಕಿತ್ತು? ಹಸುವನ್ನು ಮದುವೆಯಾಗಬೇಕಿತ್ತೇ?”

“ಆಯಿತು, ಮನೆ ಇಟ್ಟುಕೊಳ್ಳಿ. ತಾಮ್ರದ ಹಂಡೆ?”

ಹೆಲ್ಮೂಟ್ ಕಣ್ಣು ತಪ್ಪಿಸಿದ.

“ಅವನ ತಾಯಿಯದು ಆ ತಾಮ್ರದ ಹಂಡೆ. ಕಿರಿಮಗನಿಗೆ ಅಂತ ಹೇಳಿ ಸತ್ತಿದ್ದಳು. ಅವನು ಹಂಡೆಯನ್ನಾದರೂ ಕೊಡಿ ಅಂದರೆ ನಿಮ್ಮ ಗಾಡಿಯವನು ಕೊಡಲಿಲ್ಲ. ಎಲ್ಲಿದೆ ಹೇಳಿ ಈಗ?”

“ಇದೆ. ಊರಲ್ಲಿ, ನನ್ನ ದೊಡ್ಡಪ್ಪನ ಮೊಮ್ಮಗನ ಮನೆಯಲ್ಲಿ. ಅದರೊಳಗೆ ಛತ್ರಿ ಇಡುತ್ತಾರೆ.”

“ಛತ್ರಿ!” ಉರ್ಸುಲಾ ಎದ್ದೇ ನಿಂತಳು. “ನಮ್ಮ ಹಂಡೆಯಲ್ಲಿ ಛತ್ರಿ!”

“ಆಂಟಿ, ಪ್ಲೀಸ್,” ಎನ್ನುತ್ತಾ ವಿದ್ಯಾಶ್ರೀ ಅವಳ ತೋಳು ಹಿಡಿದಳು. ಪಕ್ಕದ ಮೇಜಿನವರು ನೂಡಲ್ಸ್ ಎತ್ತಿದ ಕಡ್ಡಿಗಳನ್ನು ಅಲ್ಲಿಯೇ ಹಿಡಿದು ನೋಡುತ್ತಿದ್ದರು. ದಾನವ್ವನೂ ಇನ್ನೇನು ನಡುವೆ ಬಾಯಿ ಹಾಕಿ ಇಬ್ಬರನ್ನೂ ಸುಮ್ಮನಾಗಿಸಬೇಕು ಎನ್ನುವಷ್ಟರಲ್ಲಿ ಅವಳ ಕಣ್ಣು ಗಂಡನ ಮುಖದ ಮೇಲೆ ಬಿತ್ತು.

ಶಿವಬಸಪ್ಪ ಪಪ್ಪಾಯಿ ಮರೆತಿದ್ದ. ಮುಂದಕ್ಕೆ ಬಾಗಿ, ಎರಡೂ ಮೊಣಕೈ ಮೇಜಿಗೂರಿ, ಒಮ್ಮೆ ಇವಳ ಬಾಯಿ ಒಮ್ಮೆ ಅವನ ಬಾಯಿ ನೋಡುತ್ತಾ ಕೂತಿದ್ದ. ಕಣ್ಣು ಫಳಫಳ ಹೊಳೆಯುತ್ತಿದ್ದವು. ಇಂಥ ಮುಖವನ್ನು ದಾನವ್ವ ಎಲ್ಲಿ ನೋಡಿದ್ದಳೆಂದು ಅವಳಿಗೆ ತಟ್ಟನೆ ಹೊಳೆಯಿತು. ಬೆಟಗೇರಿಯ ಮನೆಯಲ್ಲಿ, ನಡುಗೋಡೆಯ ಸಲುವಾಗಿ ಚಿಕ್ಕಪ್ಪನ ಮಕ್ಕಳೊಡನೆ ಜಗಳಕ್ಕೆ ಕೂತಾಗ. ಅಂಗಳದಲ್ಲಿ ಯಾರ ಅಜ್ಜ ಯಾರ ಅಜ್ಜನಿಗೆ ಏನಂದ ಎಂದು ನಿನ್ನೆ ಮೊನ್ನೆ ನಡೆದಂತೆ ಬಿಚ್ಚುವಾಗ.

ಅವಳು ಸುಮ್ಮನಾಗಿಸಲಿಲ್ಲ. ಉರ್ಸುಲಾಳ ಕಡೆ ತಿರುಗಿ ಮೆಲ್ಲಗೆ ಕೇಳಿದಳು. “ಹಂಡೆ ಒಂದೇನಾ? ಬೇರೆ ಏನೂ ಇರಲಿಲ್ವಾ?”

“ಗೋಡೆ ಗಡಿಯಾರವೂ ಇತ್ತು!”

“ಗಡಿಯಾರ ನಮ್ಮದು!” ಹೆಲ್ಮೂಟ್ ಕೂಗಿದ. “ಅದನ್ನು ನಮ್ಮ ಗಾಡಿಯವನು ಕೊಂಡು ತಂದದ್ದು!”

ಅಷ್ಟು ಸಾಕಾಯಿತು. ಶಿವಬಸಪ್ಪ ಹೆಂಡತಿಯ ಮೊಣಕೈ ತಿವಿದ.

“ದಾನೀ, ಇವರು ದಾಯಾದಿಗಳು ಲೇ!”

“ಹಂಗಂತೀರಿ?” ಎಂದಳು ದಾನವ್ವ, ಏನೂ ತಿಳಿಯದವಳಂತೆ. “ರಕ್ತ ಬ್ಯಾರೆ ಅಂತಲ್ರೀ.”

“ರಕ್ತ ತಗೊಂಡು ಏನ್ ಮಾಡ್ತಿ! ಪರದೇಶಿ ಮಂದಿ ಹಿಂಗ ಜಗಳಾಡ್ತಾರೇನು? ಆರೇಳು ತಲಿಮಾರಾತು, ಸಮುದ್ರ ದಾಟಿ ಬಂದಾರ, ಇನ್ನೂ ಹಂಡೇ ಬಿಟ್ಟಿಲ್ಲ ಆಕಿ. ಆಕಿ ಮನಿಯೊಳಗ ಇದನ್ನ ಉಣಕೋತ, ಕುಡಕೋತ ಹೇಳಿಕೋತ ಬಂದಾರಂದ್ರ ಅದು ಮನೆತನ. ನನಗ ಗೊತ್ತಾತು. ಪೂರಾ ಗೊತ್ತಾತು. ನಮ್ಮಂಥಾ ಮನಿನ ಅದು.”

ವಿದ್ಯಾಶ್ರೀಗೆ ಅರ್ಥವಾಗಲಿಲ್ಲ. “ಅಪ್ಪಾ, ಗುಡ್ ಆ ಬ್ಯಾಡ್ ಆ?”

ಶಿವಬಸಪ್ಪ ಎದ್ದು, ಪ್ಯಾಂಟು ಮೇಲೆಳೆದುಕೊಂಡು, ಮೇಜು ಸುತ್ತಿ ಹೋಗಿ ಉರ್ಸುಲಾಳ ಪಕ್ಕ ನಿಂತ. ವರ್ಷಾನುಗಟ್ಟಲೆ ‘ಸರ್, ಸರ್’ ಎನ್ನುತ್ತಾ ದುಡಿದ ಮ್ಯಾನೇಜರನ ಎದುರಿಗೆ ಬೆರಳು ತೋರಿಸಿ, ಕಾರ್ಖಾನೆಯ ಇಂಗ್ಲಿಷಿಗೆ ಬೆಟಗೇರಿಯ ಗಂಟಲು ಸೇರಿಸಿ ಗುಡುಗಿದ.

“ಬೀಗತಿ, ಹಂಡೆ ಬಿಡಬೇಡಿ! ನಾನಿದ್ದೇನೆ. ಸರ್, ನೀವು ನನಗೆ ಎಷ್ಟೇ ದೊಡ್ಡವರು. ಆದರೆ ಹಂಡೆ ನಮ್ಮದು!”

ಹೆಲ್ಮೂಟ್ ಬಾಯಿ ಬಿಟ್ಟ. “ಬಸಪ್ಪಾ! ನೀನು ನನ್ನ ಕಡೆಯವನು ಅಲ್ಲವೇ?”

“ಅದು ನಿನ್ನೆತನಕ ಸರ್.”

ಉರ್ಸುಲಾಗೆ ಬೀಗತಿ ಎಂದರೆ ಏನೆಂದು ಗೊತ್ತಿರಲಿಲ್ಲ. ತನ್ನ ಪರ ಒಬ್ಬ ಗಟ್ಟಿ ಧ್ವನಿಯ ಗಂಡಸು ನಿಂತನೆಂಬುದಷ್ಟೇ ಅವಳಿಗೆ ಸಾಕಿತ್ತು. ಅವನ ಕೈ ಹಿಡಿದು ಎರಡು ಸಲ ಕುಲುಕಿದಳು. ಲಾರ್ಸ್ ಬಗ್ಗಿ ವಿದ್ಯಾಶ್ರೀಯ ಕಿವಿಯಲ್ಲಿ ಆ ಮಾತಿನ ಅರ್ಥ ಕೇಳಿದ. ಅವಳು ಹೇಳಲು ಹೋಗಿ, ಆಗದೆ, ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ನಕ್ಕಳು. ಕಡೆಗೆ ದಾನವ್ವನೇ ಅವನಿಗೆ ಹೇಳಿದಳು.

“ಅಳಿಯನ ತಾಯಿ ಅಂತ. ಈಗ ಹೋಗಿ ಕಬ್ಬಿನ ಹಾಲು ತಗೊಂಡು ಬಾ. ಎಲ್ಲರಿಗೂ. ನಿನ್ನ ಮಾಮಾನಿಗೆ ಐಸ್ ಜಾಸ್ತಿ ಹಾಕಿಸು, ಬಹಳ ಬಿಸಿಯಾಗಿದ್ದಾನೆ.”

“ಯಾವ ಮಾಮಾ?” ಎಂದ ಲಾರ್ಸ್.

ದಾನವ್ವ ನೋಡಿದಳು. ಹೆಲ್ಮೂಟ್ ಗಡಿಯಾರದ ಮುಳ್ಳು ಎಷ್ಟುದ್ದ ಇತ್ತೆಂದು ಗಾಳಿಯಲ್ಲಿ ಅಳೆದು ತೋರಿಸುತ್ತಿದ್ದ. ಶಿವಬಸಪ್ಪ ಹಂಡೆಯ ಸುತ್ತಳತೆಯನ್ನು ಎರಡೂ ತೋಳು ಚಾಚಿ ತೋರಿಸುತ್ತಿದ್ದ, ತಾನೇ ಅದರಲ್ಲಿ ನೀರು ಕಾಸಿ ಮಿಂದವನಂತೆ.

“ಇಬ್ಬರಿಗೂ ಹಾಕಿಸು,” ಎಂದಳು.